ಏಳು ಮತ್ತು ಹನ್ನೆರಡು: ಥಾಣೆ ಸೀಮೆಯ ಉಂಬಳಿ ನೆಲಗಳ ಜಗಳ

ಡೊಂಬಿವಲಿಯಿಂದ ಕಲ್ಯಾಣ್-ಶೀಳ್ ರಸ್ತೆಗೆ ಬಂದು ಕಾಟಯಿ ನಾಕಾದಲ್ಲಿ ಬದ್ಲಾಪುರದ ಕಡೆ ತಿರುಗಿದರೆ ಸ್ವಲ್ಪ ಹೊತ್ತಿನಲ್ಲೇ ನೆವಾಳಿ ಸಿಗುತ್ತದೆ. ಹಿಂದೆ ಮಲಂಗಗಡದ ಬೆಟ್ಟ, ಮುಂದೆ ಟವರುಗಳ ಸಾಲು, ನಡುವೆ ಬಯಲು. 2017ರ ಜೂನ್ 22ರಂದು ಈ ಬಯಲಿನ ಸುತ್ತಲಿನ ಹಳ್ಳಿಗಳ ಜನ ರಸ್ತೆಗಿಳಿದರು. ನೌಕಾಪಡೆ ಅಲ್ಲಿ ಆವರಣ ಗೋಡೆ ಕಟ್ಟಿಸುತ್ತಿತ್ತು. ಮುಂಗಾರು ಆಗಷ್ಟೇ ಹಿಡಿದಿತ್ತು. ಭತ್ತದ ಸಸಿಮಡಿ ಮಾಡುವ ಹೊತ್ತಿಗೆ ಗದ್ದೆಗೆ ಹೋಗುವ ದಾರಿ ಮುಚ್ಚಿದರೆ ರೈತ ಸುಮ್ಮನಿರಲಾರ. ರಸ್ತೆಯಲ್ಲಿ ಟೈರು ಉರಿದವು, ಪೊಲೀಸ್ ವಾಹನಗಳು ಸುಟ್ಟವು, ಪೊಲೀಸರು ಗುಂಡು ಹಾರಿಸಿದರು. ಎರಡೂ ಕಡೆ ಗಾಯಾಳುಗಳಾದರು. ಮರುದಿನದ ಪತ್ರಿಕೆಗಳಲ್ಲಿ ಸುಟ್ಟ ವಾಹನಗಳ ಚಿತ್ರ ದೊಡ್ಡದಾಗಿ ಬಂತು, ಜಗಳದ ಮೂಲ ಸಣ್ಣ ಅಕ್ಷರದಲ್ಲಿ ಬಂತು.

ಆ ಮೂಲ ಎರಡನೆಯ ಮಹಾಯುದ್ಧದ್ದು. ಜಪಾನ್ ಬರ್ಮಾವನ್ನು ಹಿಡಿದ ಮೇಲೆ ಬ್ರಿಟಿಷ್ ಸರ್ಕಾರ ದೇಶದ ಉದ್ದಗಲಕ್ಕೂ ವಿಮಾನದ ಪಟ್ಟಿಗಳನ್ನು ಹಾಕಿಸುತ್ತ ಬಂತು. ಬೆಳಗಾವಿಯ ಸಾಂಬ್ರಾದಲ್ಲಿ 1942ರಲ್ಲಿ ರಾಯಲ್ ಏರ್‌ಫೋರ್ಸ್ ಇಳಿದದ್ದು ಅದೇ ಕಾಲಕ್ಕೆ. ನೆವಾಳಿಯಲ್ಲೂ ಅದೇ ವರ್ಷಗಳಲ್ಲಿ, ಹದಿನೇಳು ಹದಿನೆಂಟು ಹಳ್ಳಿಗಳ 1,600 ಎಕರೆಗೂ ಹೆಚ್ಚು ನೆಲ ವಿಮಾನ ಪಟ್ಟಿಗೆಂದು ಹೋಯಿತು. ರೈತರ ಮಾತು ಹೀಗಿದೆ: ಯುದ್ಧ ಮುಗಿಯುವ ತನಕ ಎಂದು ತೆಗೆದುಕೊಂಡರು, ಮುಗಿದ ಮೇಲೆ ಹಿಂದಕ್ಕೆ ಕೊಡಬೇಕಿತ್ತು. ರಕ್ಷಣಾ ಇಲಾಖೆಯ ಮಾತು: ನೆಲ ಕಾನೂನಿನ ಪ್ರಕಾರ ನಮ್ಮದಾಗಿದೆ, ದಾಖಲೆ ನಮ್ಮ ಹೆಸರಲ್ಲಿದೆ. ಯುದ್ಧ 1945ರಲ್ಲಿ ಮುಗಿಯಿತು. ಗೋಡೆ 2017ರಲ್ಲಿ ಎದ್ದಿತು. ನಡುವಿನ 70ಕ್ಕೂ ಹೆಚ್ಚು ವರ್ಷ ಹಳ್ಳಿಯವರು ಆ ನೆಲದ ಬಹುಭಾಗವನ್ನು ಉಳುತ್ತಲೇ ಬಂದರು. ಅಜ್ಜ ಉತ್ತ ಗದ್ದೆಯನ್ನೇ ಮೊಮ್ಮಗನೂ ಉತ್ತ.

ಇಂಥ ಜಗಳವನ್ನು ಸರ್ಕಾರ ಒಂದೆಡೆ, ಜನ ಇನ್ನೊಂದೆಡೆ ಎಂದು ನೋಡಿ ಮುಗಿಸುವುದು ಸುಲಭ. ನನಗೆ ಅದು ಸಾಲದು ಅನ್ನಿಸುತ್ತದೆ. ಥಾಣೆ, ಕಲ್ಯಾಣ್, ನವಿಮುಂಬಯಿ, ಮೀರಾ-ಭಾಯಂದರ್ ಕಡೆಯ ನೆಲದ ವ್ಯಾಜ್ಯಗಳನ್ನು ಒಟ್ಟಿಗೆ ಇಟ್ಟು ನೋಡಿದಾಗ ಒಂದೇ ಎಳೆ ಕಾಣುತ್ತದೆ. ವಸಾಹತು ಸರ್ಕಾರ ನೆಲ ಕೊಟ್ಟಾಗಲೂ ತೆಗೆದುಕೊಂಡಾಗಲೂ ಅದಕ್ಕೊಂದು ಕಾರಣ ಇತ್ತು: ಬಂಜರನ್ನು ಸಾಗುವಳಿ ಮಾಡಲಿಕ್ಕೆ, ಉಪ್ಪುನೀರು ತಡೆಯಲಿಕ್ಕೆ, ಯುದ್ಧ ನಡೆಸಲಿಕ್ಕೆ. ಕಾಲ ಕಳೆದಂತೆ ಕಾರಣ ಮರೆಯಾಯಿತು, ಹೆಸರು ಬರೆದ ಕಾಗದ ಮಾತ್ರ ಉಳಿಯಿತು. ಸ್ವತಂತ್ರ ಭಾರತದ ಸರ್ಕಾರಗಳೂ ಕೋರ್ಟುಗಳೂ ಹೆಚ್ಚಾಗಿ ಓದಿದ್ದು ಆ ಹೆಸರನ್ನು.

ಇಲ್ಲಿ ಕಾಯ್ದೆಯ ಒಂದು ಸೂಕ್ಷ್ಮವನ್ನು ಬಿಡಿಸಿ ಹೇಳಬೇಕು. ನೆಲವನ್ನು ಕೆಲಕಾಲ ವಶಕ್ಕೆ ಪಡೆಯುವುದು ಬೇರೆ, ಕಾಯಮ್ಮಾಗಿ ಸ್ವಾಧೀನ ಮಾಡಿಕೊಳ್ಳುವುದು ಬೇರೆ. 1939ರ ಭಾರತ ರಕ್ಷಣಾ ಕಾಯ್ದೆ ಮತ್ತು ಅದರಡಿಯ ನಿಯಮಗಳು ಯುದ್ಧಕಾಲದಲ್ಲಿ ಯಾರದೇ ಮನೆ, ಹೊಲ, ಗೋದಾಮನ್ನು ವಶಕ್ಕೆ ಪಡೆಯುವ ಅಧಿಕಾರ ಕೊಟ್ಟಿದ್ದವು. ಆ ನಿಯಮಗಳ ಅವಧಿ 1946ರಲ್ಲಿ ತೀರಿತು. ವಶದಲ್ಲಿದ್ದ ನೆಲ ಕೈತಪ್ಪಬಾರದೆಂದು 1947ರಲ್ಲಿ ಇನ್ನೊಂದು ಕಾಯ್ದೆ ಬಂತು, 1952ರಲ್ಲಿ ಮತ್ತೊಂದು. ಆ 1952ರ ಕಾಯ್ದೆಗೆ ತಿದ್ದುಪಡಿಯ ಮೇಲೆ ತಿದ್ದುಪಡಿಯಾಗಿ ವಶದ ಗಡುವು ಮುಂದಕ್ಕೆ ಹೋಗುತ್ತಲೇ ಇತ್ತು. 1984ರಲ್ಲಿ ಮುಂಬಯಿಯ ಒಂದು ಫ್ಲ್ಯಾಟಿನ ವ್ಯಾಜ್ಯದಲ್ಲಿ (ಎಚ್.ಡಿ. ವೋರಾ ಪ್ರಕರಣ) ಸುಪ್ರೀಂ ಕೋರ್ಟ್ ಇಂಥ ಕೊನೆಯಿಲ್ಲದ ವಶಕ್ಕೆ ತಡೆ ಹಾಕಿತು. ವಶಕ್ಕೆ ಪಡೆಯುವುದು ಹುಟ್ಟಿನಿಂದಲೇ ತಾತ್ಕಾಲಿಕ, ಅದನ್ನು ದಶಕಗಟ್ಟಲೆ ಎಳೆದು ಹಿಂಬಾಗಿಲಿನಿಂದ ಸ್ವಾಧೀನ ಮಾಡಿಕೊಳ್ಳಬಾರದು ಎಂಬುದು ಆ ತೀರ್ಪಿನ ತಿರುಳು. ಫ್ಲ್ಯಾಟಿನ ಮಾಲೀಕನಿಗೆ ವಕೀಲರಿದ್ದರು. ನೆವಾಳಿಯ ರೈತನ ಮಟ್ಟಿಗೆ ಇಡೀ ಪ್ರಶ್ನೆ 1942-43ರಲ್ಲಿ ನಡೆದದ್ದು ವಶವೋ ಸ್ವಾಧೀನವೋ ಎಂಬ ಒಂದೇ ಅಂಶದ ಮೇಲೆ ನಿಂತಿದೆ. ಆ ಕಾಗದಪತ್ರಗಳನ್ನು ಸರ್ಕಾರ ಹಳ್ಳಿಯವರ ಮುಂದೆ, ಅವರಿಗೆ ತಿಳಿಯುವ ಮರಾಠಿಯಲ್ಲಿ ಬಿಡಿಸಿಡಬೇಕು. ಗೋಡೆಯ ಮೊದಲ ಕಲ್ಲು ಇಡುವ ಮುಂಚೆಯೇ ಆಗಬೇಕಿದ್ದ ಕೆಲಸ ಅದು.

ನೆವಾಳಿಯ ನೆರೆಯಲ್ಲೇ ಅದೇ ಯುದ್ಧದ ಇನ್ನೊಂದು ನೆಲ ಇದೆ. ಕಲ್ಯಾಣದ ಬಳಿ ಸೈನ್ಯ ಹಾಕಿದ್ದ ದೊಡ್ಡ ಶಿಬಿರ ಅದು, ಕಲ್ಯಾಣ್ ಕ್ಯಾಂಪ್. ದೇಶ ಒಡೆದು ಸಿಂಧ್‌ನಿಂದ ಜನ ಹಡಗು ಹತ್ತಿ ಬಂದಾಗ ಸರ್ಕಾರ ಅವರನ್ನು ಆ ಬ್ಯಾರಕ್‌ಗಳಲ್ಲಿ ಇಳಿಸಿತು. 1949ರ ಆಗಸ್ಟ್ 8ರಂದು ರಾಜಾಜಿ ಆ ನೆಲೆಗೆ ಉಲ್ಹಾಸನಗರ ಎಂದು ಹೆಸರಿಟ್ಟರು. ಹಳಬರು ಇಂದಿಗೂ ವಿಳಾಸ ಹೇಳುವಾಗ ‘ಕ್ಯಾಂಪ್ ನಂಬರ್ ಮೂರು’, ‘ಕ್ಯಾಂಪ್ ನಂಬರ್ ನಾಲ್ಕು’ ಎನ್ನುತ್ತಾರೆ. ಯುದ್ಧದ ಉದ್ದೇಶ ತೀರಿದ ಮೇಲೆ ನೆಲಕ್ಕೆ ಬೇರೊಂದು ಉದ್ದೇಶವನ್ನು ಸರ್ಕಾರವೇ ಕೊಟ್ಟದ್ದು ಇಲ್ಲಿ ಕಾಣುತ್ತದೆ. ಮನಸ್ಸಿದ್ದರೆ ಆಗುತ್ತದೆ ಎಂಬುದಕ್ಕೆ ಸಾಕ್ಷಿ ದೂರದಲ್ಲಿಲ್ಲ.

ಈಗ ಇನ್ನೂ ಹಿಂದಕ್ಕೆ ಹೋಗೋಣ, ಏಕೆಂದರೆ ಜಗಳದ ಬೇರು ಅಲ್ಲಿದೆ. ಈಸ್ಟ್ ಇಂಡಿಯಾ ಕಂಪನಿ ಮರಾಠರಿಂದ ಥಾಣೆ ಕೋಟೆಯನ್ನೂ ಸಾಲ್ಸೆಟ್ ದ್ವೀಪವನ್ನೂ 1774ರ ಕೊನೆಗೆ ಹಿಡಿಯಿತು. 1782ರ ಸಾಲ್ಬಾಯಿ ಒಪ್ಪಂದದಲ್ಲಿ ಅದು ಗಟ್ಟಿಯಾಯಿತು. ಬಾಂದ್ರಾದಿಂದ ಭಾಯಂದರ್, ಕುರ್ಲಾದಿಂದ ಥಾಣೆವರೆಗಿನ ಈ ದ್ವೀಪದಲ್ಲಿ ಆಗ ಕಾಡು, ಉಪ್ಪುನೀರಿನ ಖಾರ್ ಭೂಮಿ, ಅಲ್ಲಲ್ಲಿ ಭತ್ತ. ಕಂಪನಿಗೆ ಕಂದಾಯ ಬೇಕು, ಜೊತೆಗೆ ಮುಂಬಯಿಯ ವ್ಯಾಪಾರಿ ಮನೆತನಗಳ ನಿಷ್ಠೆಯೂ ಬೇಕು. ಹಾಗಾಗಿ ಹಳ್ಳಿಗಳನ್ನೇ ಇಡಿಯಾಗಿ ಬರೆದುಕೊಟ್ಟಿತು. ಹಡಗು ಕಟ್ಟುವ ವಾಡಿಯಾ ಮನೆತನದ ಹೊರ್ಮಸ್‌ಜಿ ಬಮನ್‌ಜಿಗೆ 1808ರಲ್ಲಿ ಕುರ್ಲಾ ಮತ್ತು ಇನ್ನೂ ಆರು ಹಳ್ಳಿಗಳು ಹೋದವು. ಮೋಹಿಲಿ, ಕೋಳೆ ಕಲ್ಯಾಣ, ಮರೋಳ್ ಅವುಗಳಲ್ಲಿ ಸೇರಿದ್ದವು. ಬದಲಿಗೆ ಕಂಪನಿಗೆ ಸಿಕ್ಕಿದ್ದು ಮುಂಬಯಿ ಕೋಟೆಯ ಅಪೋಲೋ ಬಾಗಿಲ ಬಳಿಯ ಒಂದು ತುಂಡು ಜಾಗ. ಬೈರಾಮ್‌ಜಿ ಜೀಜೀಭಾಯಿಗೆ 1830ರಲ್ಲಿ ಏಳು ಹಳ್ಳಿ. ಫ್ರಾಮ್‌ಜಿ ಕಾವಸ್‌ಜಿ ಬನಾಜಿಗೆ 1835ರಲ್ಲಿ ವಿಕ್ರೋಳಿಯ ವಿಶಾಲ ನೆಲ, ಸಾಗುವಳಿಗೆಂದು ಶಾಶ್ವತ ಗುತ್ತಿಗೆ. ಆ ಹಳ್ಳಿಗಳಲ್ಲಿ ಆಗ್ರಿ, ಕೋಳಿ, ಕುಣಬಿ, ವಾರ್ಲಿ, ಈಸ್ಟ್ ಇಂಡಿಯನ್ ಕ್ರೈಸ್ತರ ಮನೆಗಳಿದ್ದವು. ಬರೆದುಕೊಟ್ಟ ಕೌಲಿನಲ್ಲಿ, ಎಂದರೆ ಕರಾರಿನಲ್ಲಿ, ಅವರೆಲ್ಲ ಖೋತನಿಗೆ, ಅಂದರೆ ಹಳ್ಳಿ ಬರೆಸಿಕೊಂಡ ಒಡೆಯನಿಗೆ, ಗೇಣಿ ಕೊಡಬೇಕಾದವರು.

ಕನ್ನಡ ಓದುಗನ ಗಮನಕ್ಕೆ ಬರಬೇಕಾದ ಸಂಗತಿ ಇಲ್ಲೇ ಇದೆ. ಧಾರವಾಡ, ಬೆಳಗಾವಿ, ಕಲಾದಗಿ, 1862ರಿಂದ ಉತ್ತರ ಕನ್ನಡ, ಇವೆಲ್ಲ ಇದೇ ಮುಂಬಯಿ ಸರ್ಕಾರದ ಕೈಕೆಳಗಿದ್ದವು. ಮುಂಬಯಿ ಬಂದರಿನ ಬಳಿ ಹೊಸ ಉಂಬಳಿ ಕೊಡುತ್ತಿದ್ದ ಸರ್ಕಾರ ನಮ್ಮ ಕಡೆ ಹಳೆಯ ಉಂಬಳಿಗಳನ್ನು ಕೆದಕತೊಡಗಿತ್ತು. ದಕ್ಷಿಣ ಮರಾಠಾ ಸೀಮೆಯಲ್ಲಿ 1843ರ ಸುಮಾರಿಗೆ ಆರಂಭವಾದ ಇನಾಮು ತನಿಖೆಗೆ 1852ರ 11ನೇ ಕಾಯ್ದೆ ಪೂರ್ಣ ಬಲ ಕೊಟ್ಟಿತು. ಪೇಶ್ವೆಯೋ ಆದಿಲ್‌ಶಾಹಿಯೋ ಕೊಟ್ಟ ಸನದು ತೋರಿಸು, ಇಲ್ಲವೆ ಬಿಡು. ತಾಮ್ರದ ಶಾಸನ ಕಳೆದುಕೊಂಡ ಮಠ, ಹುಳ ತಿಂದ ಕಡತ ಹಿಡಿದ ದೇಸಾಯಿ, ಬಾಯಿಮಾತಿನ ಮೇಲೆ ನಡೆದು ಬಂದ ಜೋಡಿ ಹೊಲದವರು, ಎಲ್ಲರೂ ಸಾಲಿನಲ್ಲಿ ನಿಲ್ಲಬೇಕಾಯಿತು. ಸಾವಿರಾರು ಇನಾಮುಗಳು ರದ್ದಾದವೆಂದು ಇತಿಹಾಸಕಾರರು ಬರೆದಿದ್ದಾರೆ. 1857ರ ದಂಗೆಗೆ ಈ ಭಾಗದಲ್ಲಿ ಅದೂ ಒಂದು ಕಾರಣವೆಂದು ಎಣಿಸುತ್ತಾರೆ. ನರಗುಂದದ ಭಾಸ್ಕರರಾವ್ ಭಾವೆಗೆ ದತ್ತು ತೆಗೆದುಕೊಳ್ಳಲು ಒಪ್ಪಿಗೆ ಸಿಗಲಿಲ್ಲ. 1858ರ ಮೇ ಕೊನೆಗೆ ಸುರೇಬಾನದಲ್ಲಿ ಪೊಲಿಟಿಕಲ್ ಏಜೆಂಟ್ ಮ್ಯಾನ್ಸನ್‌ನ ತಲೆ ಉರುಳಿತು, ಮುಂದಿನ ತಿಂಗಳೇ ಬೆಳಗಾವಿಯಲ್ಲಿ ಭಾವೆಯವರನ್ನು ಗಲ್ಲಿಗೇರಿಸಿದರು.

ಒಂದೇ ಸರ್ಕಾರದ ಒಂದು ಕೈ ಕೊಡುತ್ತಿತ್ತು, ಇನ್ನೊಂದು ಕೈ ಕಿತ್ತುಕೊಳ್ಳುತ್ತಿತ್ತು. ಇದರಲ್ಲಿ ವಿರೋಧವೇನೂ ಇಲ್ಲ. ಹಳೆಯ ಅರಸರ ಋಣದಲ್ಲಿದ್ದವರನ್ನು ಇಳಿಸುವುದು, ಹೊಸ ದೊರೆಯ ಋಣದಲ್ಲಿರುವವರನ್ನು ಏರಿಸುವುದು, ಎರಡೂ ಒಂದೇ ರಾಜಕಾರಣ. ನರಗುಂದದ ಕಥೆಯನ್ನು ನಾವು ಶಾಲೆಯಲ್ಲಿ ಓದುತ್ತೇವೆ, ಕುರ್ಲಾದ ಕಥೆಯನ್ನು ಓದುವುದಿಲ್ಲ. ಆದರೆ ಹೊಟ್ಟೆಪಾಡಿಗೆಂದು ಈ ಕಡೆ ಬಂದ ಕನ್ನಡಿಗರು ಲೋಕಲ್‌ನಲ್ಲಿ ಕುರ್ಲಾ, ವಿಕ್ರೋಳಿ ಎಂದು ದಿನವೂ ದಾಟುವ ಸ್ಟೇಷನ್ನುಗಳು ಆ ಕಥೆಯ ಮೇಲೇ ನಿಂತಿವೆ.

ಸ್ವಾತಂತ್ರ್ಯ ಬಂದ ಮೇಲೆ ಮುಂಬಯಿ ರಾಜ್ಯ ಸುಮ್ಮನೆ ಕೂರಲಿಲ್ಲ ಎಂಬುದನ್ನು ಒಪ್ಪಿಕೊಳ್ಳಬೇಕು. 1948ರ ಗೇಣಿ ಕಾಯ್ದೆ, 1949ರ ಖೋತಿ ರದ್ದತಿ ಕಾಯ್ದೆ, 1950ರ ಪರಗಣಾ ಮತ್ತು ಕುಲಕರ್ಣಿ ವತನ ರದ್ದತಿ, ಹೀಗೆ ಒಂದರ ಹಿಂದೆ ಒಂದು ಬಂದವು. ಧಾರವಾಡದ ಕುಲಕರ್ಣಿಯೂ ಕೊಂಕಣದ ಖೋತನೂ ಹೆಚ್ಚುಕಡಿಮೆ ಒಂದೇ ಕಾಲಕ್ಕೆ ಅಧಿಕಾರ ಕಳೆದುಕೊಂಡರು. ಈ ಸಾಲಿನಲ್ಲಿ ನನಗೆ ಬಹಳ ಮುಖ್ಯವಾಗಿ ಕಾಣುವುದು 1951ರ ಸಾಲ್ಸೆಟ್ ಎಸ್ಟೇಟ್ ಕಾಯ್ದೆ. ಅದು ಎಸ್ಟೇಟುಗಳ ಕಂದಾಯ ವಿನಾಯಿತಿ ತೆಗೆದದ್ದಷ್ಟೇ ಅಲ್ಲ. ಕೌಲಿನ ಮೇಲೆ ಪಡೆದ ಬಂಜರು ನೆಲವನ್ನು 1951ರ ಆಗಸ್ಟ್ 14ರೊಳಗೆ ಸಾಗುವಳಿಗೋ ಬಳಕೆಗೋ ತಂದಿರದಿದ್ದರೆ ಅದು ಸರ್ಕಾರಕ್ಕೆ ಸೇರುತ್ತದೆ ಎಂದಿತು. ಹೆಸರನ್ನು ಬಿಟ್ಟು ಕಾರಣವನ್ನು ಕೇಳಿದ ಕಾನೂನು ಅದು: ಸಾಗುವಳಿ ಮಾಡುತ್ತೇನೆಂದು ತೆಗೆದುಕೊಂಡೆಯಲ್ಲ, ಮಾಡಿದೆಯಾ? ‘ಬಳಕೆ’ ಎಂದರೆ ಏನು ಎಂಬುದರ ಮೇಲೆ ಎಸ್ಟೇಟಿನವರು ಹೈಕೋರ್ಟಿನಲ್ಲಿ ವರ್ಷಗಟ್ಟಲೆ ವಾದಿಸಿದರು. ಪ್ರಶ್ನೆ ಮಾತ್ರ ಸರಿಯಾದದ್ದಾಗಿತ್ತು.

ಮುಂದೆ ಸರ್ಕಾರವೇ ಆ ಪ್ರಶ್ನೆಯನ್ನು ತಪ್ಪಾಗಿ ಕೇಳಿತು. ವಿಕ್ರೋಳಿಯ ಬನಾಜಿ ನೆಲವನ್ನು 1948ರಲ್ಲಿ ಗೋದ್ರೆಜ್ ಮನೆತನ ಕೊಂಡಿತ್ತು. 1950ರ ದಶಕದಲ್ಲಿ ಹೊರಡಿಸಿದ್ದ ಒಂದು ಅರಣ್ಯ ನೋಟಿಸನ್ನು ಹಿಡಿದು ಸರ್ಕಾರ ದಶಕಗಳ ನಂತರ ಇದು ಖಾಸಗಿ ಅರಣ್ಯ, 1975ರ ಕಾಯ್ದೆಯ ಪ್ರಕಾರ ನಮ್ಮದು ಎಂದಿತು. ಅಷ್ಟರಲ್ಲಿ ವಿಕ್ರೋಳಿ, ಮುಲುಂಡ್, ಥಾಣೆ ಕಡೆ ಇಂಥ ನೆಲಗಳ ಮೇಲೆ ಸರ್ಕಾರದ್ದೇ ಪರವಾನಗಿಯಿಂದ ಸಾವಿರಾರು ಮನೆಗಳು ಎದ್ದಿದ್ದವು. ಸಂಬಳ ಉಳಿಸಿ, ಸಾಲ ಮಾಡಿ ಮನೆ ಕೊಂಡ ಸಂಸಾರಗಳು ಒಂದು ಬೆಳಗ್ಗೆ ಕಾಡಿನಲ್ಲಿ ಇದ್ದೇವೆಂದು ತಿಳಿದು ಕಂಗಾಲಾದವು. 2014ರ ಜನವರಿ 30ರಂದು ಸುಪ್ರೀಂ ಕೋರ್ಟ್ ಸರ್ಕಾರದ ವಾದವನ್ನು ತಳ್ಳಿಹಾಕಿತು. ನೋಟಿಸು ಹೊರಡಿಸಿ ಅರ್ಧ ಶತಮಾನ ಮಲಗಿ, ಆಮೇಲೆ ಎದ್ದು ಬರುವುದು ನ್ಯಾಯವಲ್ಲ.

ಥಾಣೆ ಜಿಲ್ಲೆಯೊಳಗೇ ಉಳಿದ ದೊಡ್ಡ ಪ್ರಕರಣವೆಂದರೆ ಮೀರಾ-ಭಾಯಂದರಿನದು. 1870ರಲ್ಲಿ ಬ್ರಿಟಿಷ್ ಸರ್ಕಾರ ಘೋಡ್‌ಬಂದರ್, ಭಾಯಂದರ್, ಮೀರಾ ಹಳ್ಳಿಗಳನ್ನು ರಾಮಚಂದ್ರ ಲಕ್ಷ್ಮಣ್‌ಜಿ ಎಂಬುವವರಿಗೆ 999 ವರ್ಷದ ಗುತ್ತಿಗೆಗೆ ಕೊಟ್ಟಿತು. ಕಾರಣ ಒಂದೇ: ಸಮುದ್ರದ ಖಾಡಿಯ ಉಪ್ಪುನೀರು ಗದ್ದೆಗೆ ನುಗ್ಗದಂತೆ ಕಟ್ಟೆ ಕಟ್ಟಿ ಕಾಪಾಡಬೇಕು. ಆ ಹಕ್ಕು ಕೈಯಿಂದ ಕೈಗೆ ದಾಟಿ 1945ರ ಸುಮಾರಿಗೆ ಎಸ್ಟೇಟ್ ಇನ್ವೆಸ್ಟ್‌ಮೆಂಟ್ ಕಂಪನಿಗೆ ಬಂತು. ಇವತ್ತು ಅಲ್ಲಿ ಗದ್ದೆ ಎಲ್ಲಿದೆ? ಲಕ್ಷಾಂತರ ಜನರ ನಗರ ಇದೆ, ಹೋಟೆಲು, ಬ್ಯಾಂಕು, ಶಾಲೆ ನಡೆಸುವ ಕನ್ನಡ ತುಳು ಕುಟುಂಬಗಳೂ ಸಾವಿರಾರು ಇವೆ. ಆದರೂ ಸಾತ್‌ಬಾರಾದ, ಎಂದರೆ ಇಲ್ಲಿನ ಪಹಣಿಯ, ಮೇಲೆ ಕಂಪನಿಯ ಹೆಸರು ಬಂದು, ಹಳೆಯ ಕಟ್ಟಡವನ್ನು ಮತ್ತೆ ಕಟ್ಟಬೇಕೆಂದರೆ ಆಕ್ಷೇಪಣೆ ಇಲ್ಲವೆಂಬ ಪತ್ರದ ಪ್ರಶ್ನೆ ಎದ್ದಿತು, ವಿಧಾನಸಭೆಯವರೆಗೂ ಹೋಯಿತು. 1870ಕ್ಕೆ 999 ಸೇರಿಸಿದರೆ 2869. ಕಟ್ಟೆ ಕಾಯುವ ಹೊಣೆ ಗದ್ದೆಯ ಜೊತೆಗೇ ಹೋಯಿತು, ಕಟ್ಟೆಗಾಗಿ ಕೊಟ್ಟ ಹಕ್ಕು ಇನ್ನೂ ಎಂಟೂವರೆ ಶತಮಾನ ಇರಬೇಕೆ?

ಉಪ್ಪುನೀರಿನ ಕಟ್ಟೆ ಎಂದರೆ ಏನೆಂದು ಉತ್ತರ ಕನ್ನಡದವರಿಗೆ ಹೇಳಿಕೊಡಬೇಕಾಗಿಲ್ಲ. ಕುಮಟೆಯ ಕಡೆ ಅಘನಾಶಿನಿ ದಂಡೆಯ ಗಜನಿಗಳಲ್ಲಿ ಕಗ್ಗ ಭತ್ತ ಬೆಳೆಯುವವರು ತಲೆಮಾರಿನಿಂದ ಮಾಡುತ್ತ ಬಂದದ್ದು ಅದೇ ಕೆಲಸ. ಮಳೆಗಾಲದ ಮುಂಚೆ ಊರವರು ಸೇರಿ ಮಣ್ಣು ಮೆತ್ತುತ್ತಾರೆ, ಬಾಗಿಲು ಸರಿಮಾಡುತ್ತಾರೆ, ಭರತದ ನೀರಿನ ಮೇಲೆ ಕಣ್ಣಿಡುತ್ತಾರೆ. ಒಂದು ಕಡೆ ಒಡೆದರೆ ಎಲ್ಲರ ಗದ್ದೆಯೂ ಹೋಗುತ್ತದೆ. ಹಾಗಾಗಿ ಗಜನಿಯಲ್ಲಿ ಹಕ್ಕೂ ಹೊಣೆಯೂ ಒಂದೇ ಹಗ್ಗದ ಎರಡು ತುದಿ. ಭಾಯಂದರಿನ ಗುತ್ತಿಗೆಯನ್ನು ಓದುವಾಗಲೆಲ್ಲ ನನಗೆ ನೆನಪಾಗುವುದು ಗಜನಿಯ ಆ ಲೆಕ್ಕ. ಕಾಗದದಲ್ಲಿ ಹೆಸರು ಒಬ್ಬರದಿದ್ದಿರಬಹುದು, ಬುಟ್ಟಿಯಲ್ಲಿ ಮಣ್ಣು ಹೊತ್ತವರು ಊರಿನ ಆಗ್ರಿಗಳು.

ಆ ಆಗ್ರಿ ರೈತರೇ ಒಮ್ಮೆ ಎದ್ದು ನಿಂತರು. ಅಲಿಬಾಗ್ ತಾಲ್ಲೂಕಿನ ಚರಿಯಲ್ಲಿ 1933ರ ಅಕ್ಟೋಬರಿನಲ್ಲಿ ಸಭೆ ಸೇರಿ 25 ಹಳ್ಳಿಯವರು ಖೋತರ ಗದ್ದೆ ಉಳುವುದನ್ನೇ ನಿಲ್ಲಿಸಿದರು. ನಾರಾಯಣ ನಾಗು ಪಾಟೀಲರ ಮುಂದಾಳುತನದಲ್ಲಿ ಆರು ವರ್ಷ, 1939ರವರೆಗೆ ಗದ್ದೆ ಬೀಳುಬಿತ್ತು. ಸೌದೆ ಮಾರಿ, ಮೀನು ಹಿಡಿದು ಹೊಟ್ಟೆ ಹೊರೆದರು, ಬಗ್ಗಲಿಲ್ಲ. ಅವರ ಬೆಂಬಲಕ್ಕೆ ನಿಂತ ಅಂಬೇಡ್ಕರ್ 1937ರ ಸೆಪ್ಟೆಂಬರಿನಲ್ಲಿ ಮುಂಬಯಿ ಶಾಸನಸಭೆಯಲ್ಲಿ ಖೋತಿ ರದ್ದತಿ ಮಸೂದೆ ಮಂಡಿಸಿದರು. ಕಾಗದದಲ್ಲಿ ಹೆಸರಿಲ್ಲದವನಿಗೆ ಇರುವ ಬಲ ನೇಗಿಲೊಂದೇ ಎಂದು ಚರಿಯವರು ತೋರಿಸಿದರು.

ನವಿಮುಂಬಯಿಯ ಕಥೆ ನಡೆದದ್ದು ಸ್ವತಂತ್ರ ಭಾರತದಲ್ಲಿ, ಕೈಯಲ್ಲಿದ್ದ ಆಯುಧ ಮಾತ್ರ 1894ರ ಭೂಸ್ವಾಧೀನ ಕಾಯ್ದೆ. 1970ರ ಮಾರ್ಚಿನಲ್ಲಿ ನಗರ ಕಟ್ಟುವ ಸರ್ಕಾರಿ ಸಂಸ್ಥೆ ಸಿಡ್ಕೋ ಹುಟ್ಟಿತು. ಥಾಣೆ, ರಾಯಗಡ ಜಿಲ್ಲೆಗಳ 95 ಹಳ್ಳಿಗಳ ಗದ್ದೆ, ಉಪ್ಪಿನ ಮಿಠಾಗರ, ಹುಲ್ಲುಗಾವಲು ಹೊಸ ನಗರಕ್ಕೆ ಹೋದವು. ಪರಿಹಾರ ಸಾಲದೆಂದು ದಿ.ಬಾ. ಪಾಟೀಲರ ಮುಂದಾಳುತನದಲ್ಲಿ ರೈತರು ರಸ್ತೆ ತಡೆದರು. 1984ರ ಜನವರಿ 16 ಮತ್ತು 17ರಂದು ಉರಣ್ ಬಳಿ ಪೊಲೀಸರ ಗುಂಡಿಗೆ ಐವರು ಸತ್ತರು. ಆ ಐದು ಜೀವಗಳ ಫಲವಾಗಿ ಬಂದ ಯೋಜನೆಯನ್ನು ನವಿಮುಂಬಯಿಯ ಪ್ರತಿ ಮನೆಯೂ ಬಲ್ಲದು: ‘ಸಾಡೇಬಾರಾ ಟಕ್ಕೆ’. ರೈತ ಕೊಟ್ಟ ನೆಲದ ನೂರಕ್ಕೆ ಹನ್ನೆರಡೂವರೆ ಪಾಲಿನಷ್ಟು ಅಭಿವೃದ್ಧಿಯಾದ ಜಾಗ ಅವನಿಗೇ ಹಿಂದಕ್ಕೆ. ನನ್ನ ದೃಷ್ಟಿಯಲ್ಲಿ ಈ ಸೀಮೆಯ ನೆಲದ ರಾಜಕಾರಣದಲ್ಲಿ ನಡೆದ ದೊಡ್ಡ ತಿದ್ದುಪಡಿ ಅದು. ನೆಲ ಹೋದರೂ ನೆಲದ ಜೊತೆಗಿನ ಸಂಬಂಧ ಹೋಗುವುದಿಲ್ಲ ಎಂದು ಸರ್ಕಾರ ಮೊದಲ ಸಲ ಒಪ್ಪಿತು. ಜಾಗ ಕೈಗೆ ಬರುವ ಮೊದಲೇ ಬಹಳ ರೈತರು ಹಕ್ಕನ್ನು ಬಿಲ್ಡರಿಗೆ ಮಾರಿಬಿಟ್ಟರು ಎಂಬ ನೋವೂ ಇದರ ಜೊತೆಗಿದೆ. 2021ರ ಜೂನಿನಲ್ಲಿ ನವಿಮುಂಬಯಿಯ ಹೊಸ ವಿಮಾನ ನಿಲ್ದಾಣಕ್ಕೆ ದಿ.ಬಾ. ಹೆಸರಿಡಬೇಕೆಂದು ಜನ ಮಾನವ ಸರಪಳಿ ಮಾಡಿ ಸಿಡ್ಕೋಗೆ ಮುತ್ತಿಗೆ ಹಾಕಿದರಲ್ಲ, ಅದು ನೆಲ ಕೊಟ್ಟವರ ಹೆಸರು ಎಲ್ಲಾದರೂ ಒಂದು ಕಡೆ ಬರೆದಿರಲಿ ಎಂಬ ಆಸೆ.

2014ರಿಂದ ಜಾರಿಗೆ ಬಂದ ಹೊಸ ಭೂಸ್ವಾಧೀನ ಕಾಯ್ದೆಯ 101ನೇ ಕಲಮು, ಸ್ವಾಧೀನ ಮಾಡಿದ ನೆಲವನ್ನು ಐದು ವರ್ಷ ಬಳಸದಿದ್ದರೆ ಮೂಲ ಮಾಲೀಕನಿಗೋ ಸರ್ಕಾರದ ಭೂಬ್ಯಾಂಕಿಗೋ ಹಿಂದಿರುಗಿಸಬೇಕೆನ್ನುತ್ತದೆ. ‘ಗೋ’ ಎಂಬ ಆ ಒಂದು ಅಕ್ಷರದಲ್ಲಿ ರೈತನ ಆಸೆ ಸೋರಿಹೋಗುತ್ತದೆ. ಆದರೂ ಕೊಂಡದ್ದು ಯಾತಕ್ಕೆ ಎಂದು ಕೇಳುವ ಅಭ್ಯಾಸ ಕಾನೂನಿಗೆ ಬಂತಲ್ಲ, ಅದು ಮುಖ್ಯ. ನೆವಾಳಿಗೆ ಈ ಕಲಮು ನೇರವಾಗಿ ಅನ್ವಯಿಸುವುದಿಲ್ಲ. ಅದರ ಹಿಂದಿನ ನ್ಯಾಯ ಅನ್ವಯಿಸಬಾರದು ಎನ್ನಲು ನನಗೆ ಕಾರಣ ಕಾಣುವುದಿಲ್ಲ. ನೌಕಾಪಡೆಗೆ ಇಂದು ಆ ಬಯಲು ನಿಜಕ್ಕೂ ಬೇಕಿದ್ದರೆ, ಎಷ್ಟು ಬೇಕು ಯಾಕೆ ಬೇಕು ಎಂದು ಹೇಳಿ, ಇವತ್ತಿನ ಕಾಯ್ದೆಯ ಪ್ರಕಾರ ಇವತ್ತಿನ ಬೆಲೆ ಕೊಟ್ಟು ಪಡೆಯಲಿ. ದೇಶದ ರಕ್ಷಣೆಗೆ ಇಲ್ಲವೆನ್ನುವ ರೈತ ಈ ಹಳ್ಳಿಗಳಲ್ಲಿ ಸಿಗಲಾರ.

ಇನ್ನು ನಮ್ಮಂಥ ಫ್ಲ್ಯಾಟಿನವರ ಮಾತು. ಡೊಂಬಿವಲಿ, ಠಾಕುರ್ಲಿ, ಕಲ್ಯಾಣದಲ್ಲಿ ನೆಲೆಸಿದ ಕನ್ನಡಿಗರು ಹೆಚ್ಚಿನವರು ಈ ಜಗಳಗಳನ್ನು ಊರವರ ಜಗಳ ಎಂದು ಬಿಟ್ಟವರು. 2024ರ ನವೆಂಬರಿನಲ್ಲಿ ಮುಂಬಯಿ ಹೈಕೋರ್ಟ್ ಕಲ್ಯಾಣ್-ಡೊಂಬಿವಲಿ ವ್ಯಾಪ್ತಿಯ 65 ಕಟ್ಟಡಗಳನ್ನು ಕೆಡವಲು ಆದೇಶಿಸಿದಾಗ ಆ ಮಾತು ಸುಳ್ಳಾಯಿತು. ಮಹಾನಗರಪಾಲಿಕೆಯ ನಕಲಿ ಪರವಾನಗಿ ತೋರಿಸಿ ರೇರಾ ನೋಂದಣಿ ಪಡೆದ ಕಟ್ಟಡಗಳವು. ನೋಂದಣಿ ನೋಡಿ ನಂಬಿ ಕೊಂಡ ಸಂಸಾರಗಳು ಬ್ಯಾಂಕಿನ ಕಂತು ಕಟ್ಟುತ್ತಲೇ ಬೀದಿಗೆ ಬೀಳುವ ಭಯದಲ್ಲಿ ದಿನ ಕಳೆದವು. ನೆಲದ ಮೇಲೆ ಏನಿದೆ ಎಂದು ನೋಡದೆ ಕಾಗದದಲ್ಲಿ ಏನಿದೆ ಎಂದಷ್ಟೇ ನೋಡುವ ಹಳೆಯ ರೋಗ ಈಗ ಬಿಲ್ಡರನಿಂದ ನಮ್ಮ ಬಾಗಿಲಿಗೇ ಬಂದಿದೆ.

ಊರಿನ ಕಡೆ ನಾವು ಪಹಣಿ ಎನ್ನುತ್ತೇವೆ, ಧಾರವಾಡದ ಕಡೆಯವರು ಉತಾರ ಎನ್ನುತ್ತಾರೆ, ಇಲ್ಲಿ ಸಾತ್‌ಬಾರಾ. ಹೆಸರಿನ ಅರ್ಥ ಏಳು-ಹನ್ನೆರಡು, ಗ್ರಾಮ ನಮೂನೆ ಏಳು ಮತ್ತು ಗ್ರಾಮ ನಮೂನೆ ಹನ್ನೆರಡು. ಏಳರಲ್ಲಿ ನೆಲ ಯಾರ ಹೆಸರಿಗಿದೆ, ಯಾವ ಹಕ್ಕಿನಿಂದ ಇದೆ ಎಂದು ಬರೆದಿರುತ್ತದೆ. ಹನ್ನೆರಡರಲ್ಲಿ ಆ ವರ್ಷ ಅಲ್ಲಿ ಏನು ಬೆಳೆದಿದೆ ಎಂದು. ತಲಾಠಿಯ ಕಚೇರಿಯಲ್ಲಿ ಎರಡೂ ಒಂದೇ ಹಾಳೆಯಲ್ಲಿ ಬರುತ್ತವೆ. ಕುರ್ಲಾದ ಕೌಲಿನಿಂದ ನೆವಾಳಿಯ ಗೋಡೆಯವರೆಗೆ ಎಲ್ಲರೂ ಜಗಳವಾಡಿದ್ದು ಏಳರ ಮೇಲೆ. ಮುಂದಿನ ಸಲ ಸೊಸೈಟಿಯ ಕೆಲಸಕ್ಕೆಂದು ಉತಾರ ತೆಗೆಸುವಾಗ ನಮ್ಮ ಕಟ್ಟಡ ನಿಂತ ಗಟ್ ನಂಬರಿನ ಹಳೆಯ ಉತಾರಗಳನ್ನೂ ಕೇಳಿ ನೋಡಿ. 1950ರ, 60ರ ಹಾಳೆಗಳಲ್ಲಿ ಕೆಳಗಿನ ಅರ್ಧವನ್ನು ಓದಿ. ಲಿಫ್ಟಿನ ಗುಂಡಿ ತೋಡಿದ ಜಾಗದಲ್ಲಿ ಯಾರದೋ ಮನೆಯ ಭತ್ತ ಇದ್ದದ್ದು ಅಲ್ಲಿ ಮೋಡಿ ತಿರುಗಿದ ಕೈಬರಹದಲ್ಲಿ ಬರೆದಿರುತ್ತದೆ.